ಬೀಸಣಿಗೆ ಬಾಳೆಗೆ ತೆಂಗಿನ ಮದ್ದು

ತೋಂಟದಾರ್ಯರ ಮನೆಯ ಜಗಲಿಗೆ ಬೆಳಗ್ಗೆ ಎಂಟರೊಳಗೆ ಯಾರಾದರೊಬ್ಬರು ತೆಂಗಿನ ಗರಿ ಹಿಡಿದುಕೊಂಡು ಬಾರದ ದಿನ ಅಪರೂಪ. ದಂಡಿನಶಿವರದ ಸುತ್ತ ಹತ್ತು ಹನ್ನೆರಡು ಹಳ್ಳಿಗಳಲ್ಲಿ ಅವರಿಗೆ ತೆಂಗಿನ ಡಾಕ್ಟರು ಎಂದೇ ಹೆಸರು. ಓದಿದ್ದು ಹತ್ತನೇ ತರಗತಿಯವರೆಗೆ. ನಾನೂರು ಮರಗಳ ತೋಟ, ಅರವತ್ತಾರು ವರ್ಷ ವಯಸ್ಸು, ಯಾವ ಪ್ರಶ್ನೆಗೂ ತಡವರಿಸದ ನಾಲಿಗೆ, ಇವಿಷ್ಟೇ ಅವರ ಅರ್ಹತೆ. ತಂದ ಗರಿಯನ್ನು ಬೆಳಕಿಗೆ ಹಿಡಿಯುತ್ತಿದ್ದರು, ತಿರುವಿ ನೋಡುತ್ತಿದ್ದರು, ಒಮ್ಮೆ ಮೂಸುತ್ತಿದ್ದರು. ಮೂಸುವುದರಿಂದ ಏನು ತಿಳಿಯುತ್ತದೆಂದು ಯಾರೂ ಕೇಳಿರಲಿಲ್ಲ. ಆಮೇಲೆ ಔಷಧಿ ಹೇಳುತ್ತಿದ್ದರು. ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತಿತ್ತು. ಉಳಿದ ಕಾಲು ಪಾಲಿನಲ್ಲಿ ಮರ ಸತ್ತರೆ ತಂದವನು ತಡವಾಗಿ ತಂದ ಎಂದಾಗುತ್ತಿತ್ತು.

ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೂ ಒಂದು ಹೊತ್ತು ಹೇಳಿಬಿಡುತ್ತಿದ್ದರು.

ಹೆಂಡತಿ ಗಿರಿಜಾಂಬಿಕಾ ಅವರದು ಬೇರೆ ಸ್ವಭಾವ. ಕಡಿಮೆ ಮಾತು, ಹುಳಿಯಾರು ಕಡೆಯ ತವರು, ಹೂವಿನ ಗಿಡಗಳ ಮೇಲೆ ಆಸೆ. ಮದುವೆಯಾಗಿ ಬಂದ ಮೊದಲ ವರ್ಷ ಬಚ್ಚಲ ನೀರು ಹರಿಯುವ ಕಡೆ ಒಂದು ಮಲ್ಲಿಗೆ ಬಳ್ಳಿ ಹಾಕೋಣ ಎಂದರು. ಮಾರನೆಯ ದಿನ ಅಲ್ಲಿ ತೆಂಗಿನ ಸಸಿ ನಿಂತಿತ್ತು. ಹಿತ್ತಿಲ ಮೂಲೆ ತೋರಿಸಿದರು, ಅಲ್ಲೂ ಸಸಿ ಬಂತು. ಗಂಡ ಇದನ್ನು ಹಟದಿಂದ ಮಾಡಿದ್ದಲ್ಲ. ಖಾಲಿ ಜಾಗ ಕಂಡರೆ ಅವರ ಕೈ ತಾನಾಗಿಯೇ ಗುಣಿ ತೋಡುತ್ತಿತ್ತು. ಮೂವತ್ತು ವರ್ಷ ಆಕೆ ಜಾಗ ತೋರಿಸುವುದನ್ನೇ ಬಿಟ್ಟಿದ್ದರು.

ಆರು ವರ್ಷದ ಹಿಂದೆ ಮಗಳು ಸೌಮ್ಯಳನ್ನು ನೋಡಲು ಹಾಸನದವರು ಬಂದರು. ಕಾರನ್ನು ಗೇಟಿನ ಪಕ್ಕದ ಎರಡು ತೆಂಗಿನ ಮರಗಳ ನೆರಳಲ್ಲಿ ನಿಲ್ಲಿಸಿ ಒಳಗೆ ಬಂದು ಉಪ್ಪಿಟ್ಟು ತಿನ್ನುತ್ತಿರುವಾಗ ಒಂದು ಬಲಿತ ಕಾಯಿ ಕಾರಿನ ಮುಂದಿನ ಗಾಜಿನ ಮೇಲೆ ಬಿತ್ತು. ಸಂಬಂಧ ಕುದುರಿತು, ಮರಗಳು ಉಳಿಯಲಿಲ್ಲ. ಅಳಿಯ ಮನೆಗೆ ಬರುವ ದಾರಿಯಲ್ಲಿ ಆ ಎರಡು ಮರ ಇರಕೂಡದು ಎಂದು ಗಿರಿಜಾಂಬಿಕಾ ಒಂದೇ ಮಾತು ಹೇಳಿದರು. ಮರ ಕಡಿಸಿದ ಮೂರನೆಯ ದಿನ, ಗಂಡ ತುಮಕೂರಿಗೆ ಹೋಗಿದ್ದಾಗ, ಆ ಎರಡೂ ಗುಣಿಗಳಲ್ಲಿ ತಮಗೆ ಬೇಕಾದ ಗಿಡ ನೆಡಿಸಿಬಿಟ್ಟರು.

ಅದು ಟ್ರಾವೆಲರ್ಸ್ ಪಾಮ್. ಬಾಳೆ ಎಲೆಯಂಥದೇ ಎಲೆ, ಆದರೆ ಉದ್ದನೆಯ ದಂಟಿನ ಮೇಲೆ ಎಡಕ್ಕೂ ಬಲಕ್ಕೂ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ದೂರದಿಂದ ನೋಡಿದರೆ ಯಾರೋ ನೆಲದಲ್ಲಿ ದೊಡ್ಡ ಬೀಸಣಿಗೆ ಸಿಕ್ಕಿಸಿದ ಹಾಗೆ. ಊರವರು ಬೀಸಣಿಗೆ ಬಾಳೆ ಎಂದು ಹೆಸರಿಟ್ಟರು. ಆರು ವರ್ಷದಲ್ಲಿ ಎರಡಾಳೆತ್ತರ ಬೆಳೆದವು. ರಸ್ತೆಯಲ್ಲಿ ಹೋಗುವ ಮದುವೆ ದಿಬ್ಬಣಗಳು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವು. ತೋಂಟದಾರ್ಯರಿಗೆ ಮಾತ್ರ ಅವನ್ನು ಕಂಡರೆ ತಾತ್ಸಾರ. ಹಣ್ಣಿಲ್ಲ, ಕಾಯಿಲ್ಲ, ನಾರಿಲ್ಲ, ಹೂವನ್ನು ದೇವರಿಗೆ ಏರಿಸುವ ಹಾಗಿಲ್ಲ. ಕೆಲಸವಿಲ್ಲದ ನೆಂಟರನ್ನು ನೋಡುವಂತೆ ನೋಡಿ ಒಳಗೆ ಹೋಗುತ್ತಿದ್ದರು.

ಈ ವರ್ಷ ಸೌಮ್ಯ ಗರ್ಭಿಣಿಯಾದಳು. ಬಾಣಂತನಕ್ಕೆ ತವರಿಗೆ ಬರಬೇಕಾದವಳಿಗೆ ಪ್ರಯಾಣ ಕೂಡದು ಎಂದು ಹಾಸನದ ಡಾಕ್ಟರು ಹೇಳಿದ್ದರಿಂದ ತಾಯಿಯೇ ಶ್ರಾವಣದ ಮೊದಲ ವಾರ ಅಲ್ಲಿಗೆ ಹೊರಟರು. ಹೆರಿಗೆಯಾಗಿ, ಮಗುವಿಗೆ ಕತ್ತು ನಿಂತ ಮೇಲೆ ಎಲ್ಲರೂ ಇಲ್ಲಿಗೆ ಬರುವುದು, ನಾಮಕರಣ ಇಲ್ಲೇ ಮಾಡುವುದು ಎಂದಾಯಿತು. ಬ್ಯಾಗು ಕಾರಿಗಿಟ್ಟ ಮೇಲೆ ಗಿರಿಜಾಂಬಿಕಾ ಗಿಡಗಳ ಹತ್ತಿರ ನಿಂತರು.

"ದಿನಾ ಬೆಳಗ್ಗೆ ಬುಡಕ್ಕೆ ಎರಡೆರಡು ಬಿಂದಿಗೆ ನೀರು. ವಾರಕ್ಕೆರಡು ಸಲ ಒದ್ದೆ ಬಟ್ಟೇಲಿ ಎಲೆ ಒರೆಸ್ಬೇಕು. ಕೈಗೆ ಎಟುಕದಿದ್ರೆ ಏಣಿ ಇದೆ. ಬೇರೇನೂ ಮಾಡ್ಬೇಡಿ."

"ಅಷ್ಟೂ ಗೊತ್ತಾಗಲ್ವೇನೇ ನಂಗೆ?"

"ಗೊತ್ತಾಗುತ್ತೆ ಅಂತಾನೇ ಹೇಳ್ತಿರೋದು. ನಿಮ್ಮ ಡಾಕ್ಟರಿಕೆ ತೋಟದಲ್ಲಿರಲಿ. ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಈ ಎರಡು ಗಿಡದ ಮಧ್ಯೆ ಫೋಟೋ ತೆಗೆಸ್ಬೇಕು ನಾನು. ಮೂವತ್ತೆಂಟು ವರ್ಷದಲ್ಲಿ ನಿಮ್ಮನ್ನ ಇದೊಂದೇ ನೋಡ್ಕೊಳ್ಳಿ ಅಂತ ಕೇಳಿರೋದು."

ತೋಂಟದಾರ್ಯರು ನಕ್ಕರು. ನಾನೂರು ಮರ ಸಾಕಿದವನಿಗೆ ಎರಡು ಶೋಕಿ ಗಿಡ ಯಾವ ಲೆಕ್ಕ ಎಂದುಕೊಂಡರು.

ಮೊದಲ ವಾರ ಎಲ್ಲ ಸರಿಯಾಗಿಯೇ ನಡೆಯಿತು. ಎಡವಟ್ಟಾದದ್ದು ಒದ್ದೆ ಬಟ್ಟೆಯ ವಿಷಯದಲ್ಲಿ. ಮನೆಯ ಆಳು ಹುಚ್ಚರಂಗಯ್ಯ, ಅವರಿಗಿಂತ ನಾಲ್ಕು ವರ್ಷ ಚಿಕ್ಕವನು, ನಲವತ್ತು ವರ್ಷದಿಂದ ತೋಟದಲ್ಲಿರುವವನು, ಬಟ್ಟೆ ಬಕೆಟ್ಟು ಹಿಡಿದು ಏಣಿ ಹತ್ತಿದ. ಆ ಹೊತ್ತಿಗೆ ರಸ್ತೆಯಲ್ಲಿ ಹಾಲಿನ ಡೇರಿಯಿಂದ ಬರುತ್ತಿದ್ದವರು ನಿಂತು ನೋಡಿದರು. ಒಬ್ಬ "ಏನ್ ಹುಚ್ಚರಂಗಣ್ಣ, ಎಣ್ಣೇನೂ ಹಚ್ಚಿ ತಲೆ ಬಾಚ್ತೀಯಾ?" ಅಂದ. ಹುಚ್ಚರಂಗಯ್ಯನಿಗೆ ಏನೂ ಅನ್ನಿಸಲಿಲ್ಲ. ಜಗಲಿಯ ಮೇಲಿದ್ದ ಯಜಮಾನರಿಗೆ ಅನ್ನಿಸಿತು.

"ಇಳಿಯೋ ರಂಗಯ್ಯ. ಸಂಜೆ ಮೋಟ್ರು ಹಾಕಿದಾಗ ಪೈಪಲ್ಲಿ ಹೊಡುದ್ರೆ ಎರಡು ನಿಮಿಷದ ಕೆಲ್ಸ."

"ಅಮ್ಮೋರು ಬಟ್ಟೆ ಅಂದಿದ್ರು ಯಜಮಾನ್ರೆ."

"ಅಮ್ಮೋರಿಗೆ ಪೈಪು ಎತ್ತಕ್ಕಾಗಲ್ಲ, ಅದಕ್ಕೆ ಬಟ್ಟೆ ಅಂದವ್ರೆ."

ಆ ಊರಿನಲ್ಲಿ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬರುವುದು ಸಂಜೆ ಆರಕ್ಕೆ. ಅಂದಿನಿಂದ ದಿನಾ ಸಂಜೆ ಆರೂ ಹತ್ತಕ್ಕೆ ಎರಡೂ ಗಿಡಗಳಿಗೆ ತಲೆಯ ಮೇಲಿಂದ ಸ್ನಾನ. ಎಲೆಗಳು ಕನ್ನಡಿಯ ಹಾಗೆ ಹೊಳೆದವು. ಬೆಳಗಾಗುವವರೆಗೂ ಒದ್ದೆಯಾಗಿಯೇ ಇರುತ್ತಿದ್ದವು. ಮಳೆಗಾಲ ಬೇರೆ. ಹಾಸನದಿಂದ ಬೆಳಗ್ಗೆ ಎಂಟಕ್ಕೆ ವಿಡಿಯೊ ಕರೆ ಬಂದಾಗ ತೋಂಟದಾರ್ಯರು ಫೋನನ್ನು ಗಿಡದ ಕಡೆ ತಿರುಗಿಸಿ ಹೆಮ್ಮೆಯಿಂದ ನಿಲ್ಲುತ್ತಿದ್ದರು. ಗಿರಿಜಾಂಬಿಕಾ "ಚೆನ್ನಾಗಿದೆ" ಎಂದರು. ಆ ಮಾತನ್ನು ಗಂಡ ಪೈಪಿನ ಲೆಕ್ಕಕ್ಕೆ ಬರೆದುಕೊಂಡರು.

ಗೌರಿ ಹಬ್ಬದ ಹೊತ್ತಿಗೆ ಕೆಳಗಿನ ಎಲೆಗಳ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಬಿದ್ದವು. ಹೆಣ್ಣು ಮಗು ಹುಟ್ಟಿದ ಸುದ್ದಿ ಬಂದ ದಿನ ಅವು ಕಡಲೆ ಕಾಳಿನಷ್ಟಾಗಿದ್ದವು. ಹದಿನೈದು ದಿನ ಕಳೆಯುವುದರೊಳಗೆ ಎಂಟಾಣೆ ಅಗಲವಾಗಿ, ಸುತ್ತ ಒಂದು ಹಳದಿ ಬಳೆ ಬಿಟ್ಟುಕೊಂಡು, ಒಂದಕ್ಕೊಂದು ಕೂಡಿಕೊಳ್ಳಲು ಶುರುವಾದವು. ತೋಂಟದಾರ್ಯರು ಒಂದು ಎಲೆಯ ತುದಿ ಹರಿದು ಬೆಳಕಿಗೆ ಹಿಡಿದರು, ತಿರುವಿದರು, ಮೂಸಿದರು.

"ಏನಂತೆ?" ಎಂದ ಹುಚ್ಚರಂಗಯ್ಯ.

ಅವರಿಗೆ ಏನೂ ತಿಳಿದಿರಲಿಲ್ಲ. "ನಂಜು ಏರೈತೆ," ಎಂದರು.

ಏರಿದ ನಂಜಿಗೆ ಔಷಧಿ ಬೇಕಲ್ಲ. ತೆಂಗಿನ ಕಾಂಡ ಸೋರುವಾಗ ನೀಲಿ ಬಣ್ಣದ ಮೈಲುತುತ್ತಕ್ಕೆ ಸುಣ್ಣ ಕಲಸಿ ಬಳಿಯುವುದು ಅವರ ಹಳೆಯ ಮದ್ದು. ಅದನ್ನು ಎರಡೂ ಗಿಡಗಳ ಬುಡದಿಂದ ಎದೆಮಟ್ಟದವರೆಗೆ ಬಳಿಸಿದರು. ಗಿಡಗಳು ನೀಲಿ ಚಡ್ಡಿ ಹಾಕಿಕೊಂಡ ಹಾಗೆ ಕಂಡವು. ಮಾರನೆಯ ಬೆಳಗ್ಗೆ ಕರೆಯಲ್ಲಿ ಗಿರಿಜಾಂಬಿಕಾ ಕೇಳಿದರು.

"ಅದೇನ್ರೀ ನೀಲಿ?"

"ಮನೆಗೆ ಸುಣ್ಣ ಹೊಡೆಸ್ತಿದ್ದೀನಲ್ಲ, ಸ್ವಲ್ಪ ಸಿಡೀತು."

"ಎರಡು ಗಿಡಕ್ಕೂ ಒಂದೇ ಸಮ ಸಿಡೀತಾ?"

"ನೆಟ್‌ವರ್ಕ್ ಸಿಗ್ತಿಲ್ಲ ಕಣೇ," ಎಂದು ತೋಂಟದಾರ್ಯರು ಫೋನು ಇಟ್ಟರು. ಅದಾದ ಮೇಲೆ ಮನೆಗೆ ನಿಜವಾಗಿಯೂ ಸುಣ್ಣ ಹೊಡೆಸಬೇಕಾಯಿತು.

ಚುಕ್ಕೆ ನಿಲ್ಲಲಿಲ್ಲ. ಎರಡನೆಯ ಮದ್ದು ಬೇರಿನ ಮೂಲಕ. ತೆಂಗಿನಲ್ಲಿ ಬುಡದಿಂದ ಸ್ವಲ್ಪ ದೂರ ಅಗೆದು, ಒಂದು ಎಳೆಯ ಬೇರು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಪ್ಲಾಸ್ಟಿಕ್ ಕವರಿನೊಳಗೆ ಇಳಿಬಿಟ್ಟು ದಾರ ಕಟ್ಟುತ್ತಾರೆ. ಮರ ಅದನ್ನು ಒಂದೆರಡು ದಿನದಲ್ಲಿ ಕುಡಿಯುತ್ತದೆ. ಹುಚ್ಚರಂಗಯ್ಯ ಬೀಸಣಿಗೆ ಬಾಳೆಯ ಬುಡದಲ್ಲಿ ಅರ್ಧ ದಿನ ಕೆದಕಿ, ಸಿಕ್ಕ ಬೇರಿಗೆ ಕವರು ಕಟ್ಟಿದ. ಒಂದು ವಾರವಾದರೂ ಕವರಿನಲ್ಲಿದ್ದದ್ದು ಇದ್ದ ಹಾಗೇ ಇತ್ತು.

"ಕುಡೀತಿಲ್ಲ ಯಜಮಾನ್ರೆ. ಸಿಟ್ಟು ಮಾಡ್ಕಂಡೈತೆ."

"ಆ ಜಾತೀನೇ ಹಂಗೆ. ಸೊಕ್ಕು."

ಹಾಗಾಗಿ ಮೂರನೆಯದಕ್ಕೆ ಬಂದರು. ಉಪ್ಪು. ಆ ಸೀಮೆಯಲ್ಲಿ ತೆಂಗಿಗೆ ಉಪ್ಪು ಹಾಕದ ಮನೆ ಕಡಿಮೆ. ಮರದ ಸುತ್ತ ಪಾತಿ ಬಿಡಿಸಿ, ಬೂದಿ, ಕೆರೆಯ ಗೋಡುಮಣ್ಣು, ಎರಡು ಹಿಡಿ ಕಲ್ಲುಪ್ಪು ಹಾಕಿ ಮುಚ್ಚುವುದನ್ನು ಅಜ್ಜ ಅಪ್ಪನಿಗೆ, ಅಪ್ಪ ಮಗನಿಗೆ ಹೇಳಿಕೊಟ್ಟಿರುತ್ತಾರೆ. ತೆಂಗು ಸಮುದ್ರದ ದಂಡೆಯ ಮರ, ಉಪ್ಪು ಅದಕ್ಕೆ ಒಗ್ಗುತ್ತದೆ. ಈ ಬಾಳೆಯ ಸೋದರ ಸಂಬಂಧಿಗೆ ಒಗ್ಗುತ್ತದೆಯೇ ಎಂದು ಕೇಳಬೇಕಾದವರು ಕೇಳಲಿಲ್ಲ. ಗಿಡ ಸುಸ್ತಾಗಿದೆ, ಜಾಸ್ತಿಯೇ ಹಾಕೋಣ ಎಂದು ಒಂದೊಂದಕ್ಕೆ ಎರಡೆರಡು ಕೆಜಿ ಕಲ್ಲುಪ್ಪು ಸುರಿಸಿದರು. ಹತ್ತು ದಿನವಾದರೂ ಗುಣ ಕಾಣದ್ದರಿಂದ ಇನ್ನೊಮ್ಮೆ ಅಷ್ಟೇ ಸುರಿಸಿದರು.

ಈಗ ಚುಕ್ಕೆಗಳ ಜೊತೆಗೆ ಎಲೆಗಳ ಅಂಚು ಸುಟ್ಟ ರೊಟ್ಟಿಯ ಹಾಗೆ ಕಂದಾಯಿತು. ಗರಿ ಹಿಡಿದು ಜಗಲಿಗೆ ಬರುವವರ ಕಣ್ಣು ಗೇಟಿನ ಹತ್ತಿರವೇ ನಿಲ್ಲತೊಡಗಿತು. ಒಬ್ಬರು ಕೇಳಿಯೇಬಿಟ್ಟರು. "ಆ ಜಾತಿಗೆ ಈ ಕಾಲದಲ್ಲಿ ಬಣ್ಣ ಬತ್ತದೆ," ಎಂದರು ತೋಂಟದಾರ್ಯರು. ಬೆಳಗಿನ ಕರೆಯಲ್ಲಿ ಕ್ಯಾಮೆರಾ ದಿನದಿನಕ್ಕೆ ಮೇಲಕ್ಕೆ ಹೋಗುತ್ತಿತ್ತು. ಕೊನೆಗೆ ಸುಳಿಯ ಪಕ್ಕದ ಎರಡು ಎಲೆ ಮತ್ತು ಆಕಾಶ ಮಾತ್ರ ಹಾಸನಕ್ಕೆ ಕಾಣಿಸುತ್ತಿತ್ತು.

"ಬುಡ ತೋರಿಸಿ ಒಂದ್ಸಲ."

"ಬುಡದಲ್ಲಿ ಏನಿದೆ, ಮಣ್ಣು."

"ಮಣ್ಣೇ ತೋರಿಸಿ."

"ಮಗು ಅಳ್ತಿದೆ ನೋಡೇ, ಹೋಗು."

"ಮಗು ನನ್ ತೊಡೆ ಮೇಲೆ ಮಲಗಿದೆ ಕಣ್ರೀ."

ನಾಮಕರಣದ ದಿನ ಗೊತ್ತಾಯಿತು. ಇನ್ನು ಇಪ್ಪತ್ತಾರು ದಿನ. ಅಂದು ಮೊದಲ ಬಾರಿಗೆ ತೋಂಟದಾರ್ಯರು ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸಿದರು. ಯಾರನ್ನಾದರೂ ಕೇಳಬೇಕು. ತಿಪಟೂರಲ್ಲಿ ಕೇಳುವ ಹಾಗಿಲ್ಲ, ಅಲ್ಲಿನ ಕೊಬ್ಬರಿ ಮಂಡಿಯವರೆಲ್ಲ ಪರಿಚಯ. ತುರುವೇಕೆರೆಯಲ್ಲಂತೂ ಗೊಬ್ಬರದಂಗಡಿಯವನೇ ತನ್ನ ಗಿರಾಕಿಗಳನ್ನು ಇವರ ಹತ್ತಿರ ಕಳಿಸುತ್ತಾನೆ. ಡಾಕ್ಟರೇ ಔಷಧಿ ಕೇಳಲು ಬಂದರೆಂದು ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಯಾರೂ ಗುರುತು ಹಿಡಿಯದಷ್ಟು ದೂರ ಹೋಗಬೇಕು. ಹುಳಿಯಾರು ಹೆಂಡತಿಯ ತವರಿನ ಕಡೆಯೇ ಆದರೂ ಅತ್ತ ಅವರು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಎಲೆಯ ಒಂದು ಗೇಣು ತುಂಡನ್ನು ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಟವೆಲು ಸುತ್ತಿ, ಚೀಲದೊಳಗಿಟ್ಟುಕೊಂಡು, ಕೆ.ಬಿ. ಕ್ರಾಸಿನಲ್ಲಿ ಬಸ್ಸು ಬದಲಾಯಿಸಿ, ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿನಲ್ಲಿ ಇಳಿದರು.

ಊರ ಹೊರಗೆ ರಸ್ತೆಯ ಪಕ್ಕ ಹಸಿರು ಬಲೆ ಕಟ್ಟಿದ ಒಂದು ನರ್ಸರಿ. ಒಡತಿ ರಾಧಾಮಣಿ, ಐವತ್ತರ ಸುಮಾರಿನ ಹೆಂಗಸು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಂಡು ಕವರುಗಳಿಗೆ ಮಣ್ಣು ತುಂಬುತ್ತಿದ್ದರು. ತೋಂಟದಾರ್ಯರು ಕೆಮ್ಮಿ, ಟವೆಲು ಬಿಚ್ಚಿ, ಪೇಪರು ಬಿಚ್ಚಿ, ಎಲೆ ಮುಂದಿಟ್ಟರು.

"ಇದು ನಮ್ಮದಲ್ಲ. ನಮ್ಮ ತುರುವೇಕೆರೆ ಕಡೆಯೋರೊಬ್ರದು. ಪರಮೇಶ್ ಅಂತ. ಬರ್ತಾ ಇದ್ದೆ, ಹಂಗೇ ತೋರಿಸ್ಕೊಂಡು ಬನ್ನಿ ಅಂದ್ರು."

ರಾಧಾಮಣಿ ಎಲೆಯನ್ನು ಮೂಸಲಿಲ್ಲ. ಒಮ್ಮೆ ನೋಡಿದರು, ಅಷ್ಟೇ.

"ಸಂಜೆ ಹೊತ್ತು ಎಲೆ ಮೇಲೆ ನೀರು ಹೊಡೀತಾರಾ ಪರಮೇಶು?"

"ಹೊಡೀಬಹುದು."

"ರಾತ್ರಿಯೆಲ್ಲ ಎಲೆ ಒದ್ದೆ ಇದ್ರೆ ಶಿಲೀಂಧ್ರ ಕೂರುತ್ತೆ. ಈ ದುಂಡಗಿರೋ ಚುಕ್ಕೆ ಅದು. ಇದೇನು ದೊಡ್ಡ ರೋಗ ಅಲ್ಲ. ಆದ್ರೆ ಈ ಅಂಚು ನೋಡಿ. ಇದು ರೋಗ ಅಲ್ಲ, ಸುಟ್ಟಿರೋದು. ಬುಡಕ್ಕೆ ಏನು ಹಾಕಿದ್ರು?"

"ಅದೇ, ಸ್ವಲ್ಪ ಉಪ್ಪು."

"ಎಷ್ಟು ಸ್ವಲ್ಪ?"

"ಒಂದ್ ನಾಕು ಕೆಜಿ."

ರಾಧಾಮಣಿ ಕೈಯ ಮಣ್ಣು ಕೊಡವಿಕೊಂಡು ಎದ್ದು ನಿಂತರು. "ಉಪ್ಪಿನಕಾಯಿ ಹಾಕ್ತಿದ್ರಾ?"

ತೋಂಟದಾರ್ಯರು ಟವೆಲನ್ನು ಮಡಿಸತೊಡಗಿದರು.

"ತೆಂಗಿನೋರು ಇವರು, ಅಲ್ವಾ? ನಂಗೆ ಗೊತ್ತು. ಗುಲಾಬಿಗೂ ಉಪ್ಪು ಹಾಕಿ ಒಣಗಿಸ್ಕೊಂಡು ಬರ್ತಾರೆ ನಿಮ್ಮ ಕಡೆಯೋರು. ನಾಕು ಮರ ಇಟ್ಕೊಂಡ್ರೆ ಸಾಕು, ಪ್ರಪಂಚದಲ್ಲಿರೋ ಗಿಡ ಎಲ್ಲ ತೆಂಗೇ ಅಂದ್ಕೋತಾರೆ. ಔಷಧೀನೂ ಬಳಿದಿರ್ಬೇಕು?"

"ಮೈಲುತುತ್ತ, ಸುಣ್ಣ. ಕಾಂಡಕ್ಕೆ."

"ಔಷಧಿ ಸರಿ, ಹಚ್ಚಿದ ಜಾಗ ತಪ್ಪು. ಚುಕ್ಕೆ ಎಲೇಲಿದ್ರೆ ಕಾಲಿಗೆ ಬಳುದ್ರೆ ಏನ್ ಬಂತು. ಕೇಳಿ, ಪರಮೇಶುಗೆ ಹೇಳಿ. ಮೊದಲು ಬುಡದ ಮೇಲ್ಮಣ್ಣು ಕೆರೆದು ತೆಗೀಬೇಕು. ಆಮೇಲೆ ಮೂರು ದಿನ ಬೆಳಗ್ಗೆ ಒಳ್ಳೆ ನೀರು ಧಾರಾಳವಾಗಿ ಬಿಟ್ಟು, ನಿಲ್ಲದ ಹಾಗೆ ಹರಿಸ್ಬೇಕು. ಉಪ್ಪು ಕೆಳಗಿಳೀಬೇಕು. ಚುಕ್ಕೆ ಬಿದ್ದ ಎಲೆ, ಸುಟ್ಟ ಎಲೆ, ಎಲ್ಲಾನೂ ದಂಟಿನ ಸಮೇತ ಕತ್ತರಿಸಿ ದೂರ ತಗೊಂಡೋಗಿ ಸುಡ್ಬೇಕು. ಬುಡಕ್ಕೆ ಹಾಕೂಡ್ದು. ಕತ್ತಿ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಡೆಟಾಲಲ್ಲಿ ತೊಳೀಬೇಕು. ಉಳಿದ ಎಲೆಗೆ ತಾಮ್ರದ ಪುಡಿ ಬರುತ್ತೆ, ಪ್ಯಾಕೆಟ್ ಮೇಲೆ ಬರ್ದಿರೋಷ್ಟೇ ಕಲಸಿ ಸಿಂಪಡಿಸ್ಬೇಕು. ಮೇಲಿಂದ ನೀರು ಬಂದ್."

"ಎಲೆ ಕತ್ತರಿಸದೆ ವಾಸಿ ಆಗಲ್ವಾ?"

"ಚುಕ್ಕೆ ಬಿದ್ದ ಎಲೆ ತಿರ್ಗ ಹಸುರಾಗಲ್ಲ. ಗಿಡ ಬೇಕಾ ಎಲೆ ಬೇಕಾ ಅಂತ ಕೇಳಿ ಅವರನ್ನ. ಈಗ ಕತ್ತರಿಸಿದ್ರೆ ಗಿಡ ಉಳಿಯುತ್ತೆ. ಬಿಟ್ರೆ ಇನ್ನೊಂದು ತಿಂಗಳು ನೋಡೋಕೆ ಗಿಡದ ಹಾಗಿರುತ್ತೆ, ಆಮೇಲೆ ಇರಲ್ಲ."

ತೋಂಟದಾರ್ಯರು ಔಷಧಿಯ ಪ್ಯಾಕೆಟ್ಟು ತೆಗೆದುಕೊಂಡು ಎರಡು ಹೆಜ್ಜೆ ಇಟ್ಟಿದ್ದರು.

"ಗಿರಿಜಾಂಬಿಕಾ ಅವರಿಗೆ ನಮಸ್ಕಾರ ಹೇಳಿ," ಎಂದರು ಹಿಂದಿನಿಂದ ರಾಧಾಮಣಿ.

ಅವರು ನಿಂತರು. ಆ ಗಿಡಗಳು ಎಲ್ಲಿಂದ ಬಂದವು ಎಂದು ಆರು ವರ್ಷದಲ್ಲಿ ಅವರು ಒಮ್ಮೆಯೂ ಹೆಂಡತಿಯನ್ನು ಕೇಳಿರಲಿಲ್ಲ.

"ನಿಮ್ಮ ಕಡೆಗೆ ನಾನು ಈ ಜಾತಿ ಕೊಟ್ಟಿರೋದು ಒಂದೇ ಜೊತೆ. ತವರಿಗೆ ಬಂದಾಗೆಲ್ಲ ಬಂದು ಕೂತು ಮಾತಾಡ್ಕೊಂಡು ಹೋಗ್ತಾರೆ. ತುಂಬ ಚೆನ್ನಾಗಿ ನೋಡ್ಕೊಂಡಿದ್ರು."

"ನೀವು ಫೋನು ಗೀನು ಮಾಡಿ..."

"ನಾನ್ಯಾಕೆ ಮಾಡ್ಲಿ? ನನ್ ಗಿಡ ಅಲ್ಲ, ನನ್ ಉಪ್ಪಲ್ಲ."

ಬಸ್ಸಿನಲ್ಲಿ ಕೂತು ತೋಂಟದಾರ್ಯರು ಲೆಕ್ಕ ಹಾಕಿದರು. ಎಲೆ ಮುಟ್ಟದೆ ಬಿಟ್ಟರೆ ನಾಮಕರಣದವರೆಗೆ ನಿಲ್ಲುತ್ತವೆ. ದೂರದಿಂದ ಫೋಟೋ ತೆಗೆದರೆ ಹಸಿರೇ ಕಾಣುತ್ತದೆ, ಈಗಿನ ಫೋನುಗಳಲ್ಲಿ ಮುಖದ ಮೊಡವೆಯನ್ನೇ ಅಳಿಸುತ್ತಾರಂತೆ. ಒಂದು ತಿಂಗಳು ಬಿಟ್ಟು ಗಿಡ ಸತ್ತರೆ ಚಳಿಗೆ ಸತ್ತಿತು ಎನ್ನಬಹುದು. ಹೆಸರು ಉಳಿಯುತ್ತದೆ. ಕತ್ತರಿಸಿದರೆ ನಾಳೆ ಬೆಳಗ್ಗೆ ಎಂಟಕ್ಕೆ ತೋರಿಸಲು ಆಕಾಶ ಬಿಟ್ಟು ಬೇರೇನೂ ಇರುವುದಿಲ್ಲ. ಚಿಕ್ಕನಾಯಕನಹಳ್ಳಿಯವರೆಗೆ ಈ ಲೆಕ್ಕ ಅವರಿಗೆ ಸರಿಯಾಗಿಯೇ ಕಂಡಿತು. ಅಲ್ಲಿಂದ ಮುಂದೆ ಅಡ್ಡ ಬಂದದ್ದು ಹೆಂಡತಿಯ ಮುಖವಲ್ಲ, ಅವರದೇ ಕಸುಬು. ಉಳಿಯುವ ಗಿಡವನ್ನು ಗೊತ್ತಿದ್ದೂ ಸಾಯಲು ಬಿಡುವವನನ್ನು ಅವರು ಜಗಲಿಯ ಮೇಲೆ ಕೂತು ಎಷ್ಟೋ ಸಲ ಬೈದಿದ್ದರು. ಹಾಗೆ ಬೈಸಿಕೊಂಡವರಲ್ಲಿ ಕೆಲವರ ಮುಖ ನೆನಪಿಗೆ ಬಂತು. ಅವರಾರೂ ಈ ಬಸ್ಸಿನಲ್ಲಿಲ್ಲದ್ದು ಸಮಾಧಾನದ ಸಂಗತಿ.

ಮನೆಗೆ ಬಂದು ಅಂಗಿ ಕಳಚುವ ಮೊದಲೇ ಹುಚ್ಚರಂಗಯ್ಯನನ್ನು ಕರೆದರು.

"ಏಣಿ ತಗೊಂಬಾ. ಕತ್ತೀನೂ ತಗೊಂಬಾ. ಡೆಟಾಲ್ ಎಲ್ಲೈತೆ?"

"ಯಾರಿಗ್ ಗಾಯ ಆಯ್ತು?"

"ಯಾರಿಗೂ ಆಗಿಲ್ಲ. ಕತ್ತಿಗೆ."

ಹುಚ್ಚರಂಗಯ್ಯ ಯಜಮಾನರ ಮುಖ ನೋಡಿದ, ಗಿಡ ನೋಡಿದ. "ಯಜಮಾನ್ರೆ, ಕಡುದ್ಮೇಲೆ ಅಂಟ್ಸಕ್ಕಾಗಲ್ಲ. ಅಮ್ಮೋರನ್ನ ಒಂದ್ ಮಾತು ಕೇಳ್ಬುಡಿ."

"ಕೇಳಿದ್ರೆ ಕಡಿಯಕ್ಕೆ ಬುಡಲ್ಲ. ಕಡಿ."

ಕತ್ತಲಾಗುವುದರೊಳಗೆ ಒಂದೊಂದು ಗಿಡದಲ್ಲಿ ಎರಡೆರಡು ಎಲೆ, ನಡುವೆ ಸುರುಳಿ ಸುತ್ತಿಕೊಂಡ ಒಂದು ಹೊಸ ಸುಳಿ, ಕೆಳಗೆ ನೀಲಿ ಚಡ್ಡಿ, ಇಷ್ಟು ಉಳಿಯಿತು. ಧರ್ಮಸ್ಥಳಕ್ಕೆ ಹೋಗಿ ಮುಡಿ ಕೊಟ್ಟು ಬಂದವರ ಹಾಗಿದ್ದವು. ಹೊಸ ಎಲೆ ಬಿಚ್ಚಲು ಮೂರು ವಾರವಾದರೂ ಬೇಕು.

ಮಾರನೆಯ ಬೆಳಗ್ಗೆ ತೋಂಟದಾರ್ಯರು ಏಳೂವರೆಗೆ ತಾವೇ ಕರೆ ಮಾಡಿದರು. ಫೋನನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎತ್ತಿದರು. ಪಕ್ಕದ ಗಿಡಕ್ಕೂ ಹಾಗೇ ಮಾಡಿದರು. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡರು.

"ನೆಟ್‌ವರ್ಕ್ ಐತೇನೇ?"

"ಇದೆ. ಹೇಳಿ."

ಹೇಳಿದರು. ಪೈಪು, ನೀಲಿ, ಕವರು, ಉಪ್ಪು, ಹುಳಿಯಾರು, ಒಂದನ್ನೂ ಬಿಡಲಿಲ್ಲ. ಇಲ್ಲದ ಪರಮೇಶನೊಬ್ಬನನ್ನು ಹುಟ್ಟಿಸಿದ್ದನ್ನೂ ಹೇಳಿದರು. "ಏನಾಗೈತೆ ಅಂತ ನಂಗೆ ಗೊತ್ತಾಗ್ಲಿಲ್ಲ ಗಿರಿಜಾ," ಎಂದು ಮುಗಿಸಿದರು.

"ಏನಂದ್ರಿ?"

"ಗೊತ್ತಾಗ್ಲಿಲ್ಲ ಅಂದೆ."

"ಜ್ವರ ಗಿರ ಇದ್ಯಾ?"

"ಇಲ್ಲ."

"ಬಿಪಿ ಮಾತ್ರೆ ತಗೊಂಡ್ರಾ?"

"ತಗೊಂಡೆ ಕಣೇ."

ಆಮೇಲೆ ಗಿರಿಜಾಂಬಿಕಾ, "ಹುಚ್ಚರಂಗಯ್ಯಂಗೆ ಫೋನ್ ಕೊಡಿ," ಎಂದರು. ಅವನ ಜೊತೆ ಕಾಲು ಗಂಟೆ ಮಾತಾಡಿದರು. ಅಂದಿನಿಂದ ಹಾಸನದ ಕರೆ ಹುಚ್ಚರಂಗಯ್ಯನ ಫೋನಿಗೇ ಬರುತ್ತಿತ್ತು. ಮೇಲ್ಮಣ್ಣು ಕೆರೆದು, ಮೂರು ದಿನ ನೀರು ಹರಿಸಿ, ಔಷಧಿ ಸಿಂಪಡಿಸಿದ ಮೇಲೆ, ಬುಡಕ್ಕೆ ನೀರು ಹೊತ್ತು ಹಾಕುವ ಕೆಲಸ ಮಾತ್ರ ತೋಂಟದಾರ್ಯರಿಗೆ ಬಿಟ್ಟಿದ್ದರು. ಬೆಳಗ್ಗೆ, ಎರಡೆರಡು ಬಿಂದಿಗೆ. ಎಣಿಸಲು ಹುಚ್ಚರಂಗಯ್ಯ ನಿಂತಿರುತ್ತಿದ್ದ.

ನಾಮಕರಣದ ದಿನ ಮನೆಯ ತುಂಬ ಜನ. ಮಗುವಿಗೆ ನಿಸರ್ಗ ಎಂದು ಹೆಸರಿಟ್ಟರು. ಗಿಡಗಳಲ್ಲಿ ತಲಾ ಒಂದು ಹೊಸ ಎಲೆ ಅರ್ಧ ಬಿಚ್ಚಿತ್ತು, ಕಲೆಯಿಲ್ಲದ ಎಳೆ ಹಸಿರು. ಗಿರಿಜಾಂಬಿಕಾ ಬಂದು ಇಳಿದ ದಿನವೇ ಎರಡನ್ನೂ ಸುತ್ತಿ ನೋಡಿ, ಸುಳಿ ಮುಟ್ಟಿ, ಏನೂ ಅನ್ನದೆ ಒಳಗೆ ಹೋಗಿದ್ದರು. ಫೋಟೋವನ್ನು ಗಿಡಗಳ ನಡುವೆಯೇ ತೆಗೆಸಿಕೊಂಡರು. ಮಗುವನ್ನು ಬಿಟ್ಟರೆ ಯಾರ ಮುಖದಲ್ಲೂ ನಗುವಿರಲಿಲ್ಲ.

ಊಟದ ಮೊದಲ ಪಂಕ್ತಿ ಎದ್ದ ಮೇಲೆ ಹಂದನಕೆರೆಯ ಬಸವರಾಜು ಕೈ ಒರೆಸಿಕೊಳ್ಳುತ್ತಾ ಬಂದ. ಇನ್ನೂರು ಮರದ ಒಡೆಯ, ತೋಂಟದಾರ್ಯರ ಮಾತು ಕೇಳಿ ಮರ ಉಳಿಸಿಕೊಂಡವನು, ಅವರು ಹೇಳಿದ್ದಕ್ಕಿಂತ ಒಂದು ಹಿಡಿ ಜಾಸ್ತಿಯೇ ಮಾಡುವವನು. ಹಿಂದೆ ಇನ್ನೂ ನಾಲ್ಕೈದು ಜನ.

"ಬಂದಾಗಿಂದ ನೋಡ್ತಾ ಇವ್ನಿ ಸ್ವಾಮಿ. ಈ ಹೊಸ ಪದ್ಧತಿ ನಮಗೆ ಹೇಳ್ಲೇ ಇಲ್ಲ ನೀವು."

"ಯಾವ್ ಪದ್ಧತಿನಪ್ಪ?"

"ಅದೇ, ಎಲೆಯೆಲ್ಲ ಬೋಳಿಸಿ ಎರಡೇ ಬುಡೋದು, ಕಾಂಡಕ್ಕೆ ನೀಲಿ. ಹೊಸ ಎಲೆ ಎಂಥ ಚೆನ್ನಾಗ್ ಬಂದೈತೆ. ನಮ್ ತೋಟದಲ್ಲೂ ಗರಿ ಮೇಲೆ ಚುಕ್ಕೆ ಬಿದ್ದೈತೆ. ನಾಳಿಕ್ಕೆ ಆಳು ಹೇಳ್ಬುಟ್ಟಿವ್ನಿ, ಇನ್ನೂರು ಮರದ್ದೂ ಎರಡೆರಡು ಗರಿ ಬುಟ್ಟು ಇಳಿಸ್ಬುಡ್ತೀನಿ."

ತೋಂಟದಾರ್ಯರು ಕೈಲಿದ್ದ ಎಲೆಯಡಿಕೆ ತಟ್ಟೆ ಕೆಳಗಿಟ್ಟರು. ಹಸಿರು ಗರಿ ಹಾಗೆ ಇಳಿಸಿದರೆ ತೆಂಗು ಎರಡು ವರ್ಷ ಕಾಯಿ ಕಟ್ಟುವುದಿಲ್ಲ, ಕೆಲವು ಮರ ಎದ್ದೇ ನಿಲ್ಲುವುದಿಲ್ಲ. ಬೇಡ ಎಂದರೆ ಬಿಡುವ ಆಸಾಮಿಯಲ್ಲ. ಕಾರಣ ಹೇಳಲೇಬೇಕು. ಜಗಲಿಯ ಮೇಲೆ, ಪಡಸಾಲೆಯಲ್ಲಿ, ಗೇಟಿನ ಹತ್ತಿರ, ಇಡೀ ಹೋಬಳಿಯೇ ಕೂತಿತ್ತು.

"ಅದು ಪದ್ಧತಿ ಅಲ್ಲ ಬಸವರಾಜು. ತಪ್ಪು. ಏನ್ ರೋಗ ಅಂತ ನಂಗೆ ಗೊತ್ತಾಗ್ಲಿಲ್ಲ. ತೆಂಗಿನ್ ಥರ ಉಪ್ಪು ಹಾಕಿ ಸುಟ್ಟೆ. ಬೇರೆ ದಾರಿ ಇಲ್ದೆ ಕತ್ತರಿಸಿದ್ದು. ನಿನ್ ಮರ ಮುಟ್ಬೇಡ."

ಬಸವರಾಜು ಹಿಂದಿದ್ದವರ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನೋಡಿದ್ರಾ, ದೊಡ್ಡೋರು ಹೆಂಗ್ ಮಾತಾಡ್ತಾರೆ. ಗುಟ್ಟು ಬುಟ್ಟುಕೊಡಲ್ಲ."

"ಗುಟ್ಟಿಲ್ಲ ಕಣಪ್ಪ. ನಿಜ್ವಾಗ್ಲೂ ಗೊತ್ತಿಲ್ಲ ನಂಗೆ."

"ನಿಮಗೆ ಗೊತ್ತಿಲ್ಲ ಅಂದ್ರೆ ನಂಬಕ್ಕೆ ನಾವೇನು ನಿನ್ನೆ ಮೊನ್ನೆ ಬಂದೋರಾ ಸ್ವಾಮಿ? ಎಷ್ಟು ಕೆಜಿ ಉಪ್ಪು ಅದೊಂದ್ ಹೇಳ್ಬುಡಿ."

ತೋಂಟದಾರ್ಯರು ಮತ್ತೊಮ್ಮೆ ಹೇಳಿದರು, ಮೊದಲಿಗಿಂತ ಜೋರಾಗಿ. ಜೋರಾಗಿ ಹೇಳಿದಷ್ಟೂ ಜನ ಹತ್ತಿರ ಬಂದರು. ಯಾರೋ ಒಬ್ಬ ಫೋನಿನಲ್ಲಿ ನೀಲಿ ಕಾಂಡದ ಫೋಟೋ ತೆಗೆಯುತ್ತಿದ್ದ. ಇನ್ನೊಬ್ಬ ಸುಳಿಯಿಂದ ಬುಡಕ್ಕೆ ಎಷ್ಟು ಗೇಣು ಎಂದು ಅಳೆಯುತ್ತಿದ್ದ. ಗಿರಿಜಾಂಬಿಕಾ ಮಗುವನ್ನು ಭುಜದ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದರು.

"ಬಸವರಾಜು, ಅವರು ಹೇಳ್ತಿರೋದು ನಿಜ. ಅವರಿಗೆ ಇದರ ಬಗ್ಗೆ ಏನೇನೂ ಗೊತ್ತಿಲ್ಲ."

"ಹೌದೇನ್ರಮ್ಮ?" ಎಂದ ಬಸವರಾಜು. ಫೋನು ತೆಗೆದು ನಾಳೆಯ ಆಳಿಗೆ ಬ್ಯಾಡ ಅಂತ ಹೇಳಿದ. ಸುತ್ತ ನಿಂತಿದ್ದವರೆಲ್ಲ ತಲೆಯಾಡಿಸಿ ಎರಡನೆಯ ಪಂಕ್ತಿಯ ಕಡೆ ಹೋದರು. ಮರಗಳು ಉಳಿದವು ಎಂದು ತೋಂಟದಾರ್ಯರಿಗೆ ನಿರಾಳವಾಯಿತು. ತಮಗೆ ಗೊತ್ತಿಲ್ಲ ಎಂಬುದನ್ನು ಜನ ಅಷ್ಟು ಬೇಗ ನಂಬಬಾರದಿತ್ತು ಎಂದೂ ಅನ್ನಿಸಿತು.